ಡಾಕ್ಟರ್ ಸ್ಪೀಕರ್, ಕಂಪನಿ ಖರ್ಚು, ಹಾನರೇರಿಯಂ: ರಾಯಚೂರು-ಕೊಪ್ಪಳ-ಬಳ್ಳಾರಿ ಕಡೆ ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ ಕಡೆ ರೆಪ್‌ಗಳು (ಔಷಧ ಕಂಪನಿ ಪ್ರತಿನಿಧಿಗಳು), ಏರಿಯಾ ಮ್ಯಾನೇಜರ್‌ಗಳು, ಹೊಸದಾಗಿ ಕ್ಲಿನಿಕ್ ಹಾಕಿದ ಡಾಕ್ಟ್ರು, ಎಲ್ಲರೂ ಸ್ಪೀಕರ್ ಮೀಟಿಂಗ್ ಬಗ್ಗೆ, ಅಲ್ಲಿ ಮಾತಾಡೋ ಡಾಕ್ಟ್ರಿಗೆ ಕೊಡೋ ಹಾನರೇರಿಯಂ (ಗೌರವಧನ) ಬಗ್ಗೆ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಅದಕ್ಕ ಎಲ್ಲಾ ಒಂದೇ ಕಡೆ ಬರೆದಿಟ್ಟೀನಿ. ನಾನು ವಕೀಲ ಅಲ್ಲ, ಫೀಲ್ಡ್‌ನಾಗ ಬ್ಯಾಗ್ ಹಿಡ್ಕೊಂಡು ತಿರುಗಿ ಆಮೇಲೆ ಕಂಪ್ಲಯನ್ಸ್ (ರೂಲ್ಸ್ ಪಾಲನೆ) ಟ್ರೇನಿಂಗ್ ಕೊಡೋ ಕೆಲಸಕ್ಕ ಬಂದವ. ನಿಮ್ ಕಂಪನಿ ಪಾಲಿಸಿ ಇಲ್ಲಿ ಬರೆದಿದ್ದಕ್ಕಿಂತ ಬಿಗಿ ಇದ್ರ ಅದನ್ನೇ ಪಾಲಿಸ್ರಿ.

ಪ್ರಶ್ನೆ: ಸ್ಪೀಕರ್ ಪ್ರೋಗ್ರಾಂ ಅಂದ್ರ ನಿಖರವಾಗಿ ಯಾವುದು?

ಕಂಪನಿ ದುಡ್ಡು ಹಾಕಿ, ಒಬ್ಬ ಡಾಕ್ಟ್ರನ್ನ ಕರೆಸಿ, ಬೇರೆ ಡಾಕ್ಟ್ರ ಮುಂದ ಒಂದು ರೋಗದ ಬಗ್ಗೆನೋ ಔಷಧದ ಬಗ್ಗೆನೋ ಮಾತಾಡಿಸೋದು. ಹೋಟೆಲ್ ಹಾಲ್‌ನಾಗ ನೂರು ಜನ ಇದ್ರೂ ಅದೇ, ನರ್ಸಿಂಗ್ ಹೋಮ್‌ನ ಒಂದು ರೂಮ್‌ನಾಗ ಎಂಟು ಜನ ಕೂತು ಆರ್‌ಟಿಎಂ (ರೌಂಡ್ ಟೇಬಲ್ ಮೀಟಿಂಗ್) ಮಾಡಿದ್ರೂ ಅದೇ. ಹೆಸರು ಸಿಎಂಇ (ಡಾಕ್ಟ್ರ ಮುಂದುವರಿದ ಕಲಿಕೆ) ಅಂತ ಇಡ್ರಿ, ಸೈಂಟಿಫಿಕ್ ಮೀಟ್ ಅಂತ ಇಡ್ರಿ, ದುಡ್ಡು ಕಂಪನಿದು ಇದ್ದ ಮ್ಯಾಲೆ ರೂಲ್ಸ್ ಹಿಂದ ಬಂದೇ ಬರ್ತಾವ.

ಪ್ರಶ್ನೆ: ಯಾವ ಯಾವ ರೂಲ್ಸ್ ಲಾಗೂ ಆಗ್ತಾವ?

ಎರಡು ಕಡೆಯಿಂದ ಬರ್ತಾವ, ಇದು ಮೊದಲು ತಲ್ಯಾಗ ಇರ್ಲಿ. ಕಂಪನಿ ಮ್ಯಾಲಿನ ರೂಲ್ ಬೇರೆ, ಡಾಕ್ಟ್ರ ಮ್ಯಾಲಿನ ರೂಲ್ ಬೇರೆ.

ಕಂಪನಿಗೆ ಇರೋದು ಯುಸಿಪಿಎಂಪಿ 2024, ಅಂದ್ರ ಔಷಧ ಮಾರ್ಕೆಟಿಂಗ್ ಹೆಂಗಿರಬೇಕು ಅನ್ನೋ ಕೋಡ್, ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್ 12ಕ್ಕ ಹೊರಡಿಸಿದ್ದು. ಇದಕ್ಕೂ ಮೊದಲಿನ ಕೋಡ್ 2015ರ ಜನವರಿ 1ರಿಂದ ಇತ್ತು, ಅದು ಸ್ವಯಂಪ್ರೇರಿತ, ಬೇಕಾದ್ರ ಪಾಲಿಸ್ರಿ ಅನ್ನೋ ಥರ. ಹೊಸದ್ರಾಗ ಆ ಸ್ವಯಂಪ್ರೇರಿತ ಅನ್ನೋ ಮಾತು ಇಲ್ಲ.

ಡಾಕ್ಟ್ರಿಗೆ ಇರೋದು 2002ರ ಮೆಡಿಕಲ್ ಕೌನ್ಸಿಲ್ ನೀತಿ ನಿಯಮಾವಳಿ. 2009ರ ಡಿಸೆಂಬರ್‌ನಾಗ ಅದಕ್ಕ 6.8 ಅನ್ನೋ ಕಲಂ ಸೇರಿಸಿದ್ರು, ಗಿಫ್ಟ್, ಟ್ರಾವೆಲ್, ಊಟ-ವಸತಿ, ಕ್ಯಾಶ್ ಎಲ್ಲದಕ್ಕೂ ಅಲ್ಲೇ ತಡೆ. 2016ರಾಗ ಶಿಕ್ಷೆ ಎಷ್ಟು ಅನ್ನೋದನ್ನೂ ಬರೆದ್ರು: 1,000ದಿಂದ 5,000 ರೂಪಾಯಿ ಒಳಗಿನ ಗಿಫ್ಟ್ ತಗೊಂಡ್ರ ಛೀಮಾರಿ, 10,000 ತನಕ ಆದ್ರ 3 ತಿಂಗಳು ರಿಜಿಸ್ಟರ್‌ನಿಂದ ಹೆಸರು ಔಟ್, 50,000 ತನಕ 6 ತಿಂಗಳು, 1 ಲಕ್ಷದ ತನಕ ಒಂದು ವರ್ಷ, ಅದನ್ನೂ ದಾಟಿದ್ರ ವರ್ಷಕ್ಕಿಂತ ಹೆಚ್ಚು.

ಬಹಳ ಮಂದಿ 2023ರ ಎನ್‌ಎಂಸಿ (ಮೆಡಿಕಲ್ ಕೌನ್ಸಿಲ್ ಜಾಗಕ್ಕ ಬಂದ ನ್ಯಾಷನಲ್ ಮೆಡಿಕಲ್ ಕಮಿಷನ್) ರೂಲ್ಸ್ ಬಗ್ಗೆ ಕೇಳ್ತಾರ. ಅವು 2023ರ ಆಗಸ್ಟ್ 2ಕ್ಕ ಬಂದ್ವು, ಅದೇ ತಿಂಗಳು 23ಕ್ಕ ತಡೆಹಿಡಿದ್ರು. ಹಿಂಗಾಗಿ 2002ರವೇ ಮತ್ತ ಲಾಗೂ ಆದ್ವು.

ಪ್ರಶ್ನೆ: ಯುಸಿಪಿಎಂಪಿ ಕಾನೂನು ಅಲ್ಲ, ಮುರಿದ್ರ ಜೈಲಿಲ್ಲ, ಅಂದ್ಮ್ಯಾಲೆ ಯಾಕಿಷ್ಟು ಹೆದರಬೇಕು?

ಹೌದು, ಪಾರ್ಲಿಮೆಂಟ್ ಪಾಸ್ ಮಾಡಿದ ಕಾಯ್ದೆ ಅಲ್ಲ. ಅದರಾಗ ಇರೋ ಕ್ರಮ ಅಂದ್ರ ಕಂಪನಿಯನ್ನ ಅದು ಸೇರಿದ ಇಂಡಸ್ಟ್ರಿ ಅಸೋಸಿಯೇಷನ್‌ನಿಂದ ಸಸ್ಪೆಂಡ್ ಮಾಡೋದು ಇಲ್ಲಾ ತೆಗೆಯೋದು, ಛೀಮಾರಿ ಹಾಕಿ ಅದನ್ನ ಪ್ರಕಟ ಮಾಡೋದು, ಕೊಟ್ಟಿದ್ದನ್ನ ವಾಪಸ್ ವಸೂಲಿ ಮಾಡಿಸೋದು, ತಿದ್ದುಪಡಿ ಹೇಳಿಕೆ ಕೊಡಿಸೋದು. ಇದಕ್ಕೂ ಹೆಚ್ಚಿಂದು ಬೇಕು ಅನಿಸಿದ್ರ ಸಂಬಂಧಪಟ್ಟ ಸರ್ಕಾರಿ ಏಜೆನ್ಸಿಗೆ ಕಳಿಸ್ತಾರ, ಇಲ್ಲೇ ಆಟ ಬದಲಾಗೋದು, ಯಾಕಂದ್ರ ಅಲ್ಲಿಂದ ಮುಂದ ಇನ್‌ಕಮ್ ಟ್ಯಾಕ್ಸ್ ಬರ್ತದ, ಮೆಡಿಕಲ್ ಕೌನ್ಸಿಲ್ ಬರ್ತದ. 2024ರ ಡಿಸೆಂಬರ್‌ನಾಗ ಅಬ್‌ವೀ ಹೆಲ್ತ್‌ಕೇರ್ ಇಂಡಿಯಾ ಕೇಸ್ ನೋಡ್ರಿ, 30 ಡಾಕ್ಟ್ರನ್ನ ಮೊನಾಕೊ ಮತ್ತ ಪ್ಯಾರಿಸ್‌ಗೆ ಕಾನ್ಫರೆನ್ಸ್ ಹೆಸರಲ್ಲಿ ಕಳಿಸಿದ್ದಕ್ಕ ಛೀಮಾರಿ ಬಿತ್ತು, ಖರ್ಚು ಸುಮಾರು 1.91 ಕೋಟಿ. ಕಂಪನಿಗೆ ಛೀಮಾರಿ ಹಾಕಿ ಕೈ ತೊಳ್ಕೊಳ್ಳಲಿಲ್ಲ, ಟ್ಯಾಕ್ಸ್ ಲೆಕ್ಕ ನೋಡ್ರಿ ಅಂತ ಆ ಕಡೆಗೂ, ಡಾಕ್ಟ್ರ ಮ್ಯಾಲೆ ಕ್ರಮ ತಗೊಳ್ರಿ ಅಂತ ಎನ್‌ಎಂಸಿಗೂ ಬರೆದ್ರು.

ಪ್ರಶ್ನೆ: ಸ್ಪೀಕರ್ ಯಾರಾಗಬೇಕು ಅಂತ ನಾವು ಫೀಲ್ಡ್‌ನವರು ಹೆಸರು ಕೊಡಬಹುದಾ? ಆರ್‌ಸಿಪಿಎ (ಯಾವ ಡಾಕ್ಟ್ರು ಯಾವ ಬ್ರಾಂಡ್ ಬರೀತಾರ ಅಂತ ಮೆಡಿಕಲ್ ಶಾಪ್‌ನಾಗ ತೆಗೆಯೋ ಲೆಕ್ಕ) ನೋಡಿ ಆರಿಸಿದ್ರ ತಪ್ಪಾ?

ತಪ್ಪು. ಇಡೀ ವಿಷಯದಾಗ ಇದು ಒಂದು ಅರ್ಥ ಆದ್ರ ಉಳಿದಿದ್ದೆಲ್ಲಾ ತಾನಾಗೇ ಅರ್ಥ ಆಗ್ತದ ಅಂತ ನಾನು ನಂಬೀನಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಫೀಲ್ಡ್‌ನಾಗ ನಡಿಯೋದು ಹೆಂಗಂದ್ರ, ಆರ್‌ಎಂ (ರೀಜನಲ್ ಮ್ಯಾನೇಜರ್) ಫೋನ್ ಮಾಡಿ ಈ ಕ್ವಾರ್ಟರ್ ನಿನ್ ಎಚ್‌ಕ್ಯುಗೆ (ನಿನ್ ಏರಿಯಾಗೆ) ಎರಡು ಸ್ಪೀಕರ್ ಸ್ಲಾಟ್ ಅದಾವ ಯಾರಿಗೆ ಕೊಡ್ತಿ ಅಂತ ಕೇಳ್ತಾರ. ಆ ‘ಯಾರಿಗೆ ಕೊಡ್ತಿ’ ಅನ್ನೋ ಮಾತಿನಾಗೇ ಎಲ್ಲಾ ಇರೋದು. ಸ್ಲಾಟ್ ಅಂದ್ರ ಕೊಡೋ ವಸ್ತು ಅಂತ ಆಗಿಬಿಟ್ಟದ. ರೆಪ್ ಏನ್ ಮಾಡ್ತಾನ, ಮೆಡಿಕಲ್ ಶಾಪ್‌ನಾಗ ಆರ್‌ಸಿಪಿಎ ಮಾಡಿ ಯಾರು ನಮ್ ಬ್ರಾಂಡ್ ಜಾಸ್ತಿ ಬರೀತಾರ, ಇಲ್ಲಾ ಯಾರು ಕಾಂಪಿಟಿಟರ್ ಕಡೆ ಹೋಗ್ಯಾರ ನೋಡಿ, ಅವರ ಹೆಸರು ಹಾಕ್ತಾನ. ಮೀಟಿಂಗ್ ಆದ ಮುಂದಿನ ತಿಂಗಳು ಮತ್ತ ಆರ್‌ಸಿಪಿಎ, ಚೀಟಿ ಹೆಚ್ಚಾದ್ವಾ ಇಲ್ಲಾ ಅಂತ. ಹಿಂಗ ಮಾಡಿದ್ರ ಸ್ಟೇಜ್ ಮ್ಯಾಲೆ ಎಷ್ಟೇ ಒಳ್ಳೆ ಸೈನ್ಸ್ ಹೇಳಿದ್ರೂ, ಹಾನರೇರಿಯಂ ಚೆಕ್‌ನಾಗೇ ಕೊಟ್ರೂ, ಕೊಟ್ಟಿದ್ದು ಮಾತಿಗಲ್ಲ ಚೀಟಿಗೆ.

ಅದಕ್ಕ ಒಂದು ಪ್ರಶ್ನೆ ನಿಮಗ ನೀವೇ ಕೇಳ್ಕೊಳ್ರಿ: ಈ ಡಾಕ್ಟ್ರು ನಮ್ ಬ್ರಾಂಡ್ ಒಂದು ಚೀಟಿನೂ ಬರೀದೇ ಇದ್ದಿದ್ರ ಅವರನ್ನ ಕರೀತಿದ್ವಾ? ಹೌದು ಅಂತ ಬಂದ್ರ, ಯಾಕ ಅನ್ನೋದನ್ನ ಕಾಗದದ ಮ್ಯಾಲೆ ಬರೀರಿ: ಆ ವಿಷಯದಾಗ ಅವರ ಓದು ಏನು, ಎಷ್ಟು ವರ್ಷದ ಅನುಭವ, ಪಾಠ ಮಾಡ್ತಾರಾ, ಪೇಪರ್ ಏನಾದ್ರೂ ಬರೆದಾರಾ. ಆ ಕಾಗದ ಮೀಟಿಂಗ್‌ಕ್ಕಿಂತ ಮೊದಲಿನ ತಾರೀಕಿಂದು ಇರಬೇಕು, ಆಡಿಟ್ ಬಂದಾಗ ಬರೆದಿದ್ದಲ್ಲ. ಹೆಸರು ಅಂತಿಮ ಮಾಡೋದು ಮೆಡಿಕಲ್ ಟೀಮ್, ಸೇಲ್ಸ್ ಅಲ್ಲ. ಫೀಲ್ಡ್‌ನವ್ರು ನಮ್ ಊರಾಗ ಯಾವ ವಿಷಯಕ್ಕ ಡಿಮ್ಯಾಂಡ್ ಅದ ಅಂತ ಹೇಳ್ಲಿ, ಉದಾಹರಣೆಗೆ ಮಳೆಗಾಲ ಬಂತು ಡೆಂಗಿ ಮ್ಯಾನೇಜ್‌ಮೆಂಟ್ ಬೇಕು, ನಮ್ ಕಡೆ ಗರ್ಭಿಣಿಯರಾಗ ರಕ್ತಹೀನತೆ ಬಹಳ ಅದ ಅದರ ಮ್ಯಾಲೆ ಬೇಕು ಅಂತ. ಅದು ಒಳ್ಳೆ ಮಾಹಿತಿ. ಯಾರಿಗೆ ದುಡ್ಡು ಹೋಗಬೇಕು ಅನ್ನೋದು ಅವರ ಕೈಯಾಗ ಇರಬಾರದು.

ಪ್ರಶ್ನೆ: ಹಾನರೇರಿಯಂ ಎಷ್ಟು ಕೊಡಬಹುದು?

ಯುಸಿಪಿಎಂಪಿಯಾಗ ಹಾನರೇರಿಯಂಗೆ ಇಂತಿಷ್ಟು ಅಂತ ರೇಟ್ ಇಲ್ಲ. ಆದ್ರ ಯಾವ ನೆಪದಾಗೂ ಡಾಕ್ಟ್ರಿಗಾಗ್ಲಿ ಮನೆಯವ್ರಿಗಾಗ್ಲಿ ಕ್ಯಾಶು, ಧನಸಹಾಯ ಕೊಡಂಗಿಲ್ಲ ಅಂತ ಖಡಾಖಂಡಿತ ಬರೆದಾರ. ಇನ್ನೊಂದು ಕಡೆ ಡಾಕ್ಟ್ರ ನಿಯಮಾವಳಿಯಾಗ, ಕಂಪನಿಗೆ ಸಲಹೆಗಾರ ಆಗಿ ಇಲ್ಲಾ ಬೇರೆ ವೃತ್ತಿಪರ ಕೆಲಸಕ್ಕ ಡಾಕ್ಟ್ರು ಸೇರಬಹುದು, ಆದ್ರ ಅವರ ಸ್ವಾತಂತ್ರ್ಯ ಉಳೀಬೇಕು, ಪೇಷೆಂಟ್ ಹಿತಕ್ಕ ಧಕ್ಕೆ ಬರಬಾರದು, ಎಲ್ಲಾ ಬಹಿರಂಗ ಇರಬೇಕು ಅಂತ ಅದ. ಇವೆರಡರ ನಡುವಿನ ಸಣ್ಣ ದಾರಿಯಾಗ ಹಾನರೇರಿಯಂ ನಡೀಬೇಕು.

ಹಂಗಾಗಿ ಸರಿಯಾದ ಕಂಪನಿಗಳು ಮೊದಲೇ ಸೈನ್ ಆದ ಅಗ್ರಿಮೆಂಟ್ ಇಲ್ಲದೇ ಯಾರನ್ನೂ ಸ್ಟೇಜ್ ಹತ್ತಿಸಂಗಿಲ್ಲ. ಯಾವ ವಿಷಯ, ಎಷ್ಟು ಹೊತ್ತು, ಎಷ್ಟು ದುಡ್ಡು, ಎಲ್ಲಾ ಅದರಾಗ ಇರ್ತದ. ದುಡ್ಡು ಮಾರ್ಕೆಟ್ ರೇಟಿನಷ್ಟೇ, ಅಂದ್ರ ಆ ಅನುಭವ ಇರೋ ಡಾಕ್ಟ್ರ ಒಂದೆರಡು ತಾಸಿನ ಕೆಲಸಕ್ಕ ಎಷ್ಟಾಗ್ತದೋ ಅಷ್ಟು, ಮತ್ತ ಅದೇ ಅನುಭವದ ಇಬ್ಬರಿಗೆ ಒಂದೇ ರೇಟ್, ಒಬ್ಬರು ನಮ್ ಬ್ರಾಂಡ್ ಜಾಸ್ತಿ ಬರೀತಾರ ಅಂತ ಅವರಿಗೆ ಡಬಲ್ ಅಲ್ಲ. ಬ್ಯಾಂಕ್ ಟ್ರಾನ್ಸ್‌ಫರ್ ಮಾತ್ರ, ಪ್ಯಾನ್ ತಗೊಂಡು, ಟಿಡಿಎಸ್ ಹಿಡಿದು. ಕವರ್‌ನಾಗ ಕ್ಯಾಶ್ ಅನ್ನೋದು ಬ್ಯಾಡೇ ಬ್ಯಾಡ. ಸ್ಟಾಕಿಸ್ಟ್ (ಔಷಧದ ಸಗಟು ವ್ಯಾಪಾರಿ) ಕಡೆಯಿಂದ ಕೊಡಿಸಿ ಆಮೇಲೆ ಕ್ರೆಡಿಟ್ ನೋಟ್ ಹಾಕಿ ಅವರ ಲೆಕ್ಕ ಸರಿ ಮಾಡೋದು, ಈವೆಂಟ್ ಏಜೆನ್ಸಿ ಬಿಲ್ಲಿನಾಗ ಸೇರಿಸೋದು, ಇವೆಲ್ಲಾ ಕಂಪನಿ ಕೊಟ್ಟಿದ್ದೇ ಅಂತ ಲೆಕ್ಕ. ಕೋಡ್‌ನಾಗ ಕಂಪನಿ ಜೊತಿಗೆ ಏಜೆಂಟರನ್ನೂ ಹೆಸರಿಸ್ಯಾರ.

ಪ್ರಶ್ನೆ: ಸ್ಪೀಕರ್ ಹೈದರಾಬಾದ್‌ನಿಂದ ಬರ್ತಾರ, ಟಿಕೆಟ್ ಮತ್ತ ರೂಮ್ ಮಾಡಿಸಬಹುದಾ? ಮೇಡಂ ಮತ್ತ ಮಕ್ಕಳೂ ಬರ್ತಾರಂತ.

ಸ್ಪೀಕರ್‌ಗೆ ಮಾಡಿಸಬಹುದು. ಟ್ರಾವೆಲ್, ಹೋಟೆಲ್ ಎರಡಕ್ಕೂ ಕೋಡ್‌ನಾಗ ಸ್ಪೀಕರ್‌ಗೆ ಮಾತ್ರ ವಿನಾಯಿತಿ ಅದ. ಆದ್ರ ಆ ವಿನಾಯಿತಿ ಆ ವ್ಯಕ್ತಿಗೆ, ಮನೆಯವ್ರಿಗೆ ಅಲ್ಲ. ಮನೆಯವ್ರು ಬರ್ಲಿ, ಅವರ ಖರ್ಚು ಅವರು ಹಾಕ್ಕೊಳ್ಳಲಿ, ಹೋಟೆಲ್ ಬಿಲ್ ಬೇರೆ ಮಾಡಿಸ್ರಿ. ಮಂತ್ರಾಲಯಕ್ಕ ಹೋಗಿ ರಾಯರ ದರ್ಶನ ಮಾಡ್ಕೊಂಡು ಬರ್ತೀವಿ ಗಾಡಿ ಕೊಡಿ ಅಂತ ಕೇಳಿದ್ರ ಸರ್, ಕಂಪನಿ ಕಡೆಯಿಂದ ಆಗಲ್ಲ, ಟ್ಯಾಕ್ಸಿಯವನ ನಂಬರ್ ಕೊಡ್ತೀನಿ ಅಂತ ನೇರ ಹೇಳ್ರಿ. ಕೇಳೋರಾಗ ಹೆಚ್ಚಿನವ್ರಿಗೆ ರೂಲ್ ಗೊತ್ತಿರಲ್ಲ ಅಷ್ಟೇ, ಹೇಳಿದ ಮ್ಯಾಲೆ ಬ್ಯಾಸರ ಮಾಡ್ಕೊಳ್ಳಲ್ಲ.

ಪ್ರಶ್ನೆ: ಕೇಳೋಕ ಬರೋ ಡಾಕ್ಟ್ರಿಗೆ? ಸಿಂಧನೂರಿನಿಂದ ನಾಲ್ಕು ಜನರನ್ನ ಕಾರ್ ಮಾಡಿ ರಾಯಚೂರಿಗೆ ಕರ್ಕೊಂಡು ಬರಬಹುದಾ?

ಇಲ್ಲ. ದೇಶದ ಹೊರಗ ಅಷ್ಟೇ ಅಲ್ಲ, ಒಳಗೂ ಟ್ರಾವೆಲ್ ಕೊಡಂಗಿಲ್ಲ ಅಂತ ಅದ. ವಿಮಾನ ಅಲ್ಲ, ಬರೀ ಕಾರ್ ಅಂದ್ರೂ ಅದು ಟ್ರಾವೆಲೇ. ಬರೋರು ಅವರ ಗಾಡಿಯಾಗ ಬರ್ಲಿ. ದೂರ ಆಗ್ತದ ಅಂದ್ರ ಸ್ಪೀಕರ್‌ನೇ ಸಿಂಧನೂರಿಗೆ ಕರ್ಕೊಂಡು ಹೋಗ್ರಿ, ಲಿಂಗಸೂಗೂರು, ಗಂಗಾವತಿ, ಸಿರುಗುಪ್ಪ ಎಲ್ಲಾ ಕಡೆ ಮೀಟಿಂಗ್ ಮಾಡೋವಷ್ಟು ಡಾಕ್ಟ್ರು ಇದ್ದಾರ. ನನ್ನ ಕೇಳಿದ್ರ ಅದೇ ಒಳ್ಳೇದು, ತಾಲೂಕಿನಾಗ ಕೆಲಸ ಮಾಡೋ ಡಾಕ್ಟ್ರಿಗೆ ಹೊಸ ವಿಷಯ ಮುಟ್ಟೋದೇ ಕಷ್ಟ ಇದ್ದಾಗ ನಾವೇ ಅಲ್ಲಿಗೆ ಹೋದ್ರ ಸ್ಪೀಕರ್ ಕರೆಸಿದ್ದಕ್ಕೂ ಅರ್ಥ ಬರ್ತದ.

ಪ್ರಶ್ನೆ: ಹಂಪಿ ಹತ್ರ ರೆಸಾರ್ಟ್‌ನಾಗ ಶನಿವಾರ-ರವಿವಾರ ಇಟ್ರ?

ಇಡಬ್ಯಾಡ್ರಿ. ಕೋಡ್‌ನಾಗ ರೆಸಾರ್ಟ್ ವಸತಿ ಕೊಡಂಗಿಲ್ಲ ಅಂತ ಹೆಸರು ಹಿಡಿದೇ ಬರೆದಾರ. ಒಂದು ತಾಸು ಸ್ಲೈಡ್, ಉಳಿದಿದ್ದೆಲ್ಲಾ ಸಾಣಾಪುರ ಕೆರಿ, ತೆಪ್ಪ, ಊಟ ಅಂದ್ರ ಯಾರ ಮುಂದೂ ಅದನ್ನ ಸಿಎಂಇ ಅಂತ ಹೇಳಾಕ ಆಗಲ್ಲ. ವಿದೇಶದಾಗ ಇಂಥ ಕಾರ್ಯಕ್ರಮ ಮಾಡೋದಂತೂ ಪೂರ್ತಿ ಬಂದ್.

ಪ್ರಶ್ನೆ: ಊಟ ಹಾಕಬಹುದಾ? ಡ್ರಿಂಕ್ಸ್?

ಚಹಾ, ಸಾದಾ ಊಟ ನಡೀತದ, ಮೀಟಿಂಗ್ ಜೊತಿಗೆ ಬರೋ ಅಷ್ಟು. ದುಬಾರಿ ಊಟ ಬ್ಯಾಡ ಅಂತ ಕೋಡ್ ಹೇಳ್ತದ ಆದ್ರ ಪ್ಲೇಟಿಗೆ ಎಷ್ಟು ಅಂತ ಹೇಳಿಲ್ಲ, ಅದಕ್ಕ ಕಂಪನಿ ಲಿಮಿಟ್ ನೋಡ್ಕೊಳ್ರಿ. ಡ್ರಿಂಕ್ಸ್ ಬಿಲ್ ಕಂಪನಿ ಹೆಸರಿನಾಗ ಬರಲೇಬಾರದು. ಬಂದಿದ್ದು ಹನ್ನೆರಡು ಜನ, ಸೈನ್ ಶೀಟ್‌ನಾಗ ಇಪ್ಪತ್ತೈದು ಹೆಸರು, ಊಟದ ಬಿಲ್ ನಲವತ್ತು ಪ್ಲೇಟ್, ಆಡಿಟ್‌ನಾಗ ಇಂಥದ್ದೇ ಮೊದಲು ಸಿಗೋದು. ಬಂದವರ ಸೈನ್ ಅವತ್ತೇ, ಅಲ್ಲೇ, ಅವರ ಕೈಯಿಂದಲೇ.

ಪ್ರಶ್ನೆ: ನಮ್ಮದು ಅಮೆರಿಕ ಮೂಲದ ಕಂಪನಿ. ಅಲ್ಲಿನ ರೂಲ್ಸ್ ರಾಯಚೂರಿನಾಗ ಕೂತ ನಮಗ್ಯಾಕ ಹೇಳ್ತಾರ?

ಎರಡು ಕಾರಣ ಅದಾವ. ಒಂದು, ಅಮೆರಿಕದ 1977ರ ಎಫ್‌ಸಿಪಿಎ ಕಾಯ್ದೆ. ಬೇರೆ ದೇಶದ ಸರ್ಕಾರಿ ಅಧಿಕಾರಿಗೆ ಲಂಚ ಕೊಟ್ರ ಕಂಪನಿ ಮ್ಯಾಲೆ ಅಲ್ಲೇ ಕೇಸ್ ಆಗ್ತದ, ಮತ್ತ ಸರ್ಕಾರಿ ಆಸ್ಪತ್ರೆ ಡಾಕ್ಟ್ರನ್ನೂ ಅವರು ಸರ್ಕಾರಿ ಅಧಿಕಾರಿ ಅಂತನೇ ಹಿಡೀತಾರ. ಅಂದ್ರ ನಮ್ ಊರಿನ ಮೀಟಿಂಗ್ ಬಿಲ್ ಅಲ್ಲಿನ ಕೋರ್ಟ್ ತನಕ ಹೋಗಬಹುದು.

ಎರಡನೇದು ನನಗ ಇನ್ನೂ ಮುಖ್ಯ ಅನಿಸ್ತದ. ಸ್ಪೀಕರ್ ಪ್ರೋಗ್ರಾಂ ಹೆಂಗ ಹಾದಿ ತಪ್ಪತದ ಅನ್ನೋದನ್ನ ಅವರು ಕೋರ್ಟಿನಾಗ ಬಿಡಿಸಿ ಬಿಡಿಸಿ ನೋಡ್ಯಾರ. ಇನ್ಸಿಸ್ ಅನ್ನೋ ಕಂಪನಿ ಫೆಂಟನಿಲ್ ಸ್ಪ್ರೇ ಮಾರ್ತಿತ್ತು, ಕ್ಯಾನ್ಸರ್ ನೋವಿಗೆ ಅಂತ ಇರೋ ಬಹಳ ಸ್ಟ್ರಾಂಗ್ ಔಷಧ, ಅದನ್ನ ಜಾಸ್ತಿ ಬರಿಯೋ ಡಾಕ್ಟ್ರಿಗೆ ಸ್ಪೀಕರ್ ಫೀಸ್ ಹೆಸರಿನಾಗ ಲಂಚ ಕೊಟ್ರು. ಕಂಪನಿ ಸ್ಥಾಪಕ ಜಾನ್ ಕಪೂರ್‌ಗೆ 2020ರ ಜನವರಿಯಾಗ 66 ತಿಂಗಳು ಜೈಲು ಶಿಕ್ಷೆ ಆಯ್ತು. ಚಟ ಹತ್ತೋ ಅಂಥ ಔಷಧ ಬ್ಯಾಡಾದವ್ರಿಗೂ ಹೋಯ್ತಲ್ಲ ಅನ್ನೋದು ಓದಿದಾಗೆಲ್ಲಾ ನನಗ ಸಂಕಟ ಆಗ್ತದ. ಅದೇ 2020ರ ಜುಲೈನಾಗ ನೊವಾರ್ಟಿಸ್ 67.8 ಕೋಟಿ ಡಾಲರ್ ಕಟ್ಟಿ ಸ್ಪೀಕರ್ ಪ್ರೋಗ್ರಾಂ ಕೇಸ್ ಮುಗಿಸ್ತು, ಆ ಕೇಸ್ ಶುರು ಮಾಡಿದ್ದು ಅದೇ ಕಂಪನಿಯಾಗ ಸೇಲ್ಸ್ ರೆಪ್ ಆಗಿದ್ದ ಮನುಷ್ಯ.

ಆಮೇಲೆ 2020ರ ನವೆಂಬರ್ 16ಕ್ಕ ಅಲ್ಲಿನ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಫೀಸು ಸ್ಪೀಕರ್ ಪ್ರೋಗ್ರಾಂ ಮ್ಯಾಲೆನೇ ಒಂದು ವಿಶೇಷ ಎಚ್ಚರಿಕೆ ಹೊರಡಿಸ್ತು. ಯಾವುದು ಕಂಡ್ರ ಅನುಮಾನ ಪಡಬೇಕು ಅಂತ ಅದರಾಗ ಹೇಳ್ಯಾರ: ವಿಷಯದಾಗ ಸತ್ವ ಇರಲ್ಲ, ಡ್ರಿಂಕ್ಸ್ ಇರ್ತದ, ಜಾಗ ಕಲಿಯೋಕ ಲಾಯಕ್ ಇರಲ್ಲ, ಹೊಸ ಮಾಹಿತಿ ಏನೂ ಬರದೇ ಅದೇ ಟಾಪಿಕ್ ಮ್ಯಾಲಿಂದ ಮ್ಯಾಲೆ ಇಡ್ತಾರ, ಕೇಳಿದವರೇ ಮತ್ತ ಬಂದು ಕೂಡ್ತಾರ, ಇವತ್ತು ಸ್ಪೀಕರ್ ಆದವರು ನಾಳೆ ಅದೇ ಟಾಪಿಕ್‌ಗೆ ಪ್ರೇಕ್ಷಕರು, ಗೆಳೆಯರು ಮನೆಯವ್ರು ಊಟಕ್ಕ ಬರ್ತಾರ, ಸೇಲ್ಸ್‌ನವ್ರು ಸ್ಪೀಕರ್ ಆರಿಸ್ತಾರ, ದುಡ್ಡು ಮಾರ್ಕೆಟ್ ರೇಟಿಗಿಂತ ಹೆಚ್ಚು ಇಲ್ಲಾ ಬಿಸಿನೆಸ್ ನೋಡಿ ನಿಗದಿ ಆಗ್ತದ. ಇದನ್ನ ಓದಿ ನಮ್ ಲೈನ್‌ನಾಗ ನಡಿಯೋ ಮೀಟಿಂಗ್ ನೆನಪು ಮಾಡ್ಕೊಳ್ರಿ, ಒಂದೊಂದು ಮಾತೂ ಇಲ್ಲಿಗೇ ಬರೆದಂಗ ಅದ.

ಅಲ್ಲಿನ ಇಂಡಸ್ಟ್ರಿಯ ಫಾರ್ಮಾ ಕೋಡ್ 2022ರ ಜನವರಿ 1ರಿಂದ ಸ್ಪೀಕರ್ ಪ್ರೋಗ್ರಾಂನಾಗ ಕಂಪನಿ ದುಡ್ಡಿನ ಡ್ರಿಂಕ್ಸ್ ಬಂದ್ ಮಾಡ್ತು. ಯಾವ ಡಾಕ್ಟ್ರಿಗೆ ಯಾವ ಕಂಪನಿ ಎಷ್ಟು ಕೊಟ್ತು ಅನ್ನೋದನ್ನ ಓಪನ್ ಪೇಮೆಂಟ್ಸ್ ಅನ್ನೋ ಸರ್ಕಾರಿ ವೆಬ್‌ಸೈಟ್‌ನಾಗ 2014ರಿಂದ ಯಾರು ಬೇಕಾದ್ರೂ ಡಾಕ್ಟ್ರ ಹೆಸರು ಹಾಕಿ ನೋಡಬಹುದು. ನಮ್ಮಲ್ಲೂ ಹಂಗೊಂದು ಬರಬೇಕು ಅನ್ನೋದು ನನ್ನ ಆಸೆ. ಕಂಪನಿಗಳು ಸಿಎಂಇ ಖರ್ಚಿನ ವಿವರ ತಮ್ಮ ವೆಬ್‌ಸೈಟ್‌ನಾಗ ಹಾಕಬೇಕು ಅಂತ ಯುಸಿಪಿಎಂಪಿ ಹೇಳ್ತದ, ಅದು ಒಳ್ಳೆ ಶುರು.

ಪ್ರಶ್ನೆ: ಸ್ಲೈಡ್‌ನಾಗ ಬ್ರಾಂಡ್ ಹೆಸರು ಹಾಕಬಹುದಾ? ಸ್ಪೀಕರ್ ಬಾಯಿಂದ ಹೇಳಿಸಬಹುದಾ?

ಡಾಕ್ಟ್ರ ನಿಯಮಾವಳಿಯ 6.8ರಾಗ ಇನ್ನೊಂದು ಸಾಲು ಅದ, ಅದನ್ನ ರೆಪ್‌ಗಳೂ ಓದಿರಲ್ಲ ಡಾಕ್ಟ್ರೂ ಓದಿರಲ್ಲ: ಯಾವುದೇ ಔಷಧ ಇಲ್ಲಾ ಕಂಪನಿ ಪ್ರಾಡಕ್ಟನ್ನ ಡಾಕ್ಟ್ರು ಬಹಿರಂಗವಾಗಿ ಎಂಡಾರ್ಸ್ ಮಾಡಂಗಿಲ್ಲ. ಹಂಗಾಗಿ ‘ನಾನು ಇದನ್ನೇ ಬರೀತೀನಿ, ನೀವೂ ಇದನ್ನೇ ಬರೀರಿ’ ಅಂತ ಸ್ಟೇಜ್ ಮ್ಯಾಲೆ ಹೇಳಿಸಿದ್ರ ಆ ಡಾಕ್ಟ್ರ ರಿಜಿಸ್ಟ್ರೇಷನ್‌ಗೇ ನೀವು ಕುತ್ತು ತಂದಂಗ. ಸ್ಲೈಡ್‌ನಾಗ ಜೆನೆರಿಕ್ ಹೆಸರು ಇರ್ಲಿ, ರೋಗದ ಬಗ್ಗೆ, ಟ್ರೀಟ್‌ಮೆಂಟ್ ಗೈಡ್‌ಲೈನ್ ಬಗ್ಗೆ ಮಾತಾಡ್ಲಿ, ಸೈಡ್ ಎಫೆಕ್ಟ್ ಸ್ಲೈಡ್ ಇರಲೇಬೇಕು, ಟೈಮ್ ಕಡಿಮೆ ಆಯ್ತು ಅಂತ ಅದನ್ನ ಹಾರಿಸಬ್ಯಾಡ್ರಿ. ಮೊದಲನೇ ಸ್ಲೈಡ್‌ನಾಗೇ ನನಗ ಈ ಕಂಪನಿಯಿಂದ ಹಾನರೇರಿಯಂ ಬರ್ತದ ಅಂತ ಸ್ಪೀಕರ್ ಹೇಳಬೇಕು. ಹಂಗ ಹೇಳಿದ ಡಾಕ್ಟ್ರ ಮ್ಯಾಲೆ ನನಗಂತೂ ಗೌರವ ಹೆಚ್ಚಾಗ್ತದ.

ಕಂಪನಿ ಬಾಯಿಂದ ಬರೋ ಮಾತಿಗೂ ಗೆರೆ ಅದ. ಅಪ್ರೂವಲ್ ಸಿಗೋದಕ್ಕಿಂತ ಮೊದಲು ಪ್ರಮೋಷನ್ ಇಲ್ಲ, ಅಪ್ರೂವ್ ಆಗದ ಬಳಕೆಗೆ ಪ್ರಮೋಷನ್ ಇಲ್ಲ. ಸೈಡ್ ಎಫೆಕ್ಟೇ ಇಲ್ಲ ಅಂತ ಹೇಳಂಗಿಲ್ಲ, ‘ಸೇಫ್’ ಅಂತ ಬರೀ ಒಂದು ಪದ ಹಾಕಂಗಿಲ್ಲ, ಮಾರ್ಕೆಟ್‌ಗೆ ಬಂದು ವರ್ಷ ದಾಟಿದ್ದನ್ನ ‘ಹೊಸದು’ ಅನ್ನಂಗಿಲ್ಲ.

ಪ್ರಶ್ನೆ: ಗೌರ್ಮೆಂಟ್ ಡಾಕ್ಟ್ರು ಸ್ಪೀಕರ್ ಆಗಬಹುದಾ?

ರಾಯಚೂರು ರಿಮ್ಸ್ ಆಗ್ಲಿ, ಕೊಪ್ಪಳ ಕಿಮ್ಸ್ ಆಗ್ಲಿ, ಬಳ್ಳಾರಿಯಾಗ ನಾವೆಲ್ಲಾ ಇನ್ನೂ ವಿಮ್ಸ್ ಅಂತನೇ ಕರಿಯೋ ಮೆಡಿಕಲ್ ಕಾಲೇಜ್ ಆಗ್ಲಿ, ಇಲ್ಲಿರೋರು ಸಾರ್ವಜನಿಕ ಸೇವಕರು. ಪಾಠ ಮಾಡಿ ಅನುಭವ ಇರೋರೂ ಇವರೇ, ಹಂಗಾಗಿ ಕರಿಯೋ ಆಸೆ ಸಹಜ. ಆದ್ರ ಅವರ ಸಂಸ್ಥೆ ಮುಖ್ಯಸ್ಥರಿಂದ ಲಿಖಿತ ಅನುಮತಿ ಇಲ್ಲದೇ ಮುಂದ ಹೋಗಬ್ಯಾಡ್ರಿ, ಫೋನ್‌ನಾಗ ‘ಆಯ್ತು ಬಿಡು’ ಅಂದಿದ್ದು ಅನುಮತಿ ಅಲ್ಲ. ಆಸ್ಪತ್ರೆ ಔಷಧ ಖರೀದಿ ಕಮಿಟಿಯಾಗ ಇರೋರನ್ನ ಕರೆದು ದುಡ್ಡು ಕೊಡೋದಂತೂ ಬಹಳ ಡೇಂಜರ್. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಾಗ ತಿದ್ದುಪಡಿ ಆದ ಮ್ಯಾಲೆ ಲಂಚ ಕೊಟ್ಟ ಕಂಪನಿನೂ ನೇರ ಆರೋಪಿ ಆಗ್ತದ.

ಪ್ರಶ್ನೆ: ಹಳ್ಳಿ ಆರ್‌ಎಂಪಿಗಳನ್ನ (ಡಿಗ್ರಿ ಇಲ್ಲದೇ ಔಷಧ ಕೊಡೋರನ್ನ) ಮೀಟಿಂಗ್‌ಗೆ ಕರೀಬಹುದಾ? ಸೇಲ್ ಅಲ್ಲಿಂದನೇ ಬರ್ತದಲ್ಲ.

ಕರೀಬ್ಯಾಡ್ರಿ. ಮಾನ್ವಿ, ದೇವದುರ್ಗ ಕಡೆ ಹಳ್ಳಿಯಾಗ ಅವರೇ ಮೊದಲ ಆಸರೆ ಅನ್ನೋದು ನನಗೂ ಗೊತ್ತದ, ಅವರ ಬಗ್ಗೆ ಕೀಳಾಗಿ ಮಾತಾಡಲ್ಲ. ಆದ್ರ ಡಿಗ್ರಿ, ರಿಜಿಸ್ಟ್ರೇಷನ್ ಇಲ್ಲದವ್ರಿಗೆ ಆಂಟಿಬಯಾಟಿಕ್, ಸ್ಟೀರಾಯ್ಡ್ ಡೋಸ್ ಹೇಳಿಕೊಟ್ಟು, ಮ್ಯಾಲೆ ಸ್ಯಾಂಪಲ್ ಕೊಟ್ಟು ಕಳಿಸಿದ್ರ ಅದರ ಪರಿಣಾಮ ಬೀಳೋದು ಕೂಲಿ ಬಿಟ್ಟು ಬಂದ ಪೇಷೆಂಟ್ ಮ್ಯಾಲೆ. ಚೀಟಿ ಬರೆಯೋ ಅರ್ಹತೆ ಇರೋರಿಗೆ ಮಾತ್ರ ಸ್ಯಾಂಪಲ್ ಅಂತ ಕೋಡ್ ಸ್ಪಷ್ಟ ಹೇಳ್ತದ.

ಪ್ರಶ್ನೆ: ಸ್ಪೀಕರ್‌ಗೆ ಶಾಲು, ನೆನಪಿನ ಕಾಣಿಕೆ, ಬಂದವರಿಗೆ ಡೈರಿ, ಸ್ಯಾಂಪಲ್?

ಡಾಕ್ಟ್ರಿಗೆ ಇಲ್ಲಾ ಅವರ ಮನೆಯವ್ರಿಗೆ ಸ್ವಂತ ಉಪಯೋಗದ ಗಿಫ್ಟ್ ಯಾವುದೂ ಇಲ್ಲ. ಬೆಳ್ಳಿ ತಟ್ಟೆ, ಇಳಕಲ್ ಸೀರೆ, ಡ್ರೈಫ್ರೂಟ್ ಬಾಕ್ಸ್ ಎಲ್ಲಾ ಗಿಫ್ಟೇ, ದೀಪಾವಳಿ ಇದ್ರೂ. ಓದೋಕ ಕಲಿಯೋಕ ಬರೋ ಪುಸ್ತಕ, ಕ್ಯಾಲೆಂಡರ್, ಡೈರಿ, ಜರ್ನಲ್, ಡಮ್ಮಿ ಮಾಡೆಲ್, ಟ್ರೀಟ್‌ಮೆಂಟ್ ಗೈಡ್‌ಲೈನ್ ನಡೀತಾವ, ಒಂದಕ್ಕ 1,000 ರೂಪಾಯಿ ದಾಟಬಾರದು. ಶಾಲು ಹಾಕಿ ಹಾರ ಹಾಕೋದು ನಮ್ ಕಡೆ ಮರ್ಯಾದಿ ಅಂತ ಬಹಳ ಮಂದಿ ವಾದ ಮಾಡ್ತಾರ. ನನ್ನ ಅಭಿಪ್ರಾಯದಾಗ ಒಂದು ಹೂ ಕೊಟ್ಟು ಕೈ ಮುಗಿದ್ರ ಮರ್ಯಾದಿಗೆ ಏನೂ ಕಮ್ಮಿ ಆಗಲ್ಲ.

ಸ್ಯಾಂಪಲ್‌ಗೆ ಬೇರೆ ಲೆಕ್ಕ: ಒಂದು ಪ್ಯಾಕ್ ಮೂರು ಪೇಷೆಂಟ್‌ಗೆ ಆಗೋ ಕೋರ್ಸ್‌ಗಿಂತ ಹೆಚ್ಚು ಇರಬಾರದು, ಒಂದು ಔಷಧಕ್ಕ ಒಬ್ಬ ಡಾಕ್ಟ್ರಿಗೆ ವರ್ಷಕ್ಕ 12 ಪ್ಯಾಕ್, ನಿದ್ದೆ ಮಾತ್ರೆ ಥರದವು ಸ್ಯಾಂಪಲ್ ಕೊಡಂಗೇ ಇಲ್ಲ, ಕಂಪನಿಯ ವರ್ಷದ ಒಟ್ಟು ಸ್ಯಾಂಪಲ್ ಬೆಲೆ ದೇಶದೊಳಗಿನ ಸೇಲ್‌ನ ಶೇ 2 ದಾಟಬಾರದು, ರಿಜಿಸ್ಟರ್ 5 ವರ್ಷ ಇಡಬೇಕು. ಮೀಟಿಂಗ್ ಬಾಗಿಲಾಗ ನಿಂತು ಚೀಲದಾಗ ಹಾಕಿ ಹಂಚಿದ್ರ ಇದರಾಗ ಯಾವ ಲೆಕ್ಕನೂ ಸಿಗಲ್ಲ.

ಪ್ರಶ್ನೆ: ಡಾಕ್ಟ್ರ ಅಸೋಸಿಯೇಷನ್ ಮೂಲಕ ಮಾಡಿದ್ರ ರೂಲ್ಸ್ ತಪ್ಪತಾವಂತ?

2016ರ ತಿದ್ದುಪಡಿಯಾಗ ಡಾಕ್ಟ್ರ ಸಂಘಗಳನ್ನ 6.8ರಿಂದ ಹೊರಗ ಇಟ್ರು, ಅದು ಖರೆ. ಆದ್ರ ಕಂಪನಿ ಮ್ಯಾಲಿನ ಕೋಡ್ ಹಂಗೇ ಅದ. ಸಂಘದ ಅಕೌಂಟ್‌ಗೆ ಸ್ಪಾನ್ಸರ್‌ಶಿಪ್ ಹಾಕಿ, ಅಲ್ಲಿಂದ ನಾವು ಹೇಳಿದ ಡಾಕ್ಟ್ರಿಗೆ ದುಡ್ಡು ಇಲ್ಲಾ ಟಿಕೆಟ್ ಹೋದ್ರ ಅದು ಸುತ್ತಿ ಬಳಸಿ ನಾವೇ ಕೊಟ್ಟಿದ್ದು. ಲೆಟರ್, ಅಗ್ರಿಮೆಂಟ್, ಯಾವುದಕ್ಕ ಎಷ್ಟು ಖರ್ಚಾಯ್ತು ಅನ್ನೋ ಲೆಕ್ಕ ಮೂರೂ ತಗೊಳ್ರಿ, ಸ್ಪೀಕರ್ ಮತ್ತ ವಿಷಯ ಸಂಘನೇ ನಿರ್ಧರಿಸ್ಲಿ.

ಪ್ರಶ್ನೆ: ಕೆಎಂಸಿ ಕ್ರೆಡಿಟ್ ಅವರ್ (ಡಾಕ್ಟ್ರ ಕಲಿಕೆಗೆ ಸಿಗೋ ಅಂಕ) ಸಿಗತಾವ ಅಂತ ಕಾರ್ಡ್‌ನಾಗ ಹಾಕಬಹುದಾ?

ಕರ್ನಾಟಕ ಮೆಡಿಕಲ್ ಕೌನ್ಸಿಲ್ ಮಾನ್ಯತೆ ಕೈಗೆ ಬಂದ ಮ್ಯಾಲೆ ಮಾತ್ರ. ಡಾಕ್ಟ್ರಿಗೆ 5 ವರ್ಷಕ್ಕ 30 ಕ್ರೆಡಿಟ್ ಅವರ್ ಬೇಕು, ಅದನ್ನ ನಂಬಿ ಕ್ಲಿನಿಕ್ ಬಂದ್ ಮಾಡಿ ಬಂದವ್ರಿಗೆ ಆಮೇಲೆ ಇಲ್ಲ ಅನ್ನಬಾರದು.

ಪ್ರಶ್ನೆ: ಆನ್‌ಲೈನ್ ಆದ್ರ?

ಎಲ್ಲಾ ಅವೇ ರೂಲ್ಸ್. ಮನೆಗೆ ಊಟದ ಪಾರ್ಸಲ್ ಕಳಿಸೋದು, ಜಾಯಿನ್ ಆದವ್ರಿಗೆ ವೋಚರ್ ಕಳಿಸೋದು ಬ್ಯಾಡ. ಲಾಗಿನ್ ರಿಪೋರ್ಟ್ ಇಟ್ಕೊಳ್ರಿ.

ಪ್ರಶ್ನೆ: ಟ್ಯಾಕ್ಸ್ ವಿಷಯ ಏನು?

ಕಂಪನಿ ಕಡೆ: ಡಾಕ್ಟ್ರಿಗೆ ಕೊಟ್ಟ ಫ್ರೀಬೀಸ್ (ಪುಕ್ಕಟೆ ಕೊಡುಗೆ) ಖರ್ಚನ್ನ ಬಿಸಿನೆಸ್ ಖರ್ಚು ಅಂತ ತೋರಿಸಿ ಟ್ಯಾಕ್ಸ್ ಉಳಿಸಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿ 22ಕ್ಕ ಅಪೆಕ್ಸ್ ಲ್ಯಾಬೊರೇಟರೀಸ್ ಕೇಸ್‌ನಾಗ ಹೇಳ್ತು. ತಗೊಳ್ಳೋದು ಡಾಕ್ಟ್ರಿಗೆ ನಿಷಿದ್ಧ ಇದ್ದ ಮ್ಯಾಲೆ ಕೊಡೋದನ್ನ ಕಾನೂನು ಒಪ್ಪಿದ ಖರ್ಚು ಅನ್ನಾಕ ಬರಲ್ಲ ಅನ್ನೋದು ಅದರ ತಿರುಳು. ಡಾಕ್ಟ್ರ ಕಡೆ: ವರ್ಷಕ್ಕ 20,000 ರೂಪಾಯಿ ದಾಟಿದ ಸವಲತ್ತಿಗೆ ಶೇ 10 ಟಿಡಿಎಸ್ 2022ರ ಜುಲೈ 1ರಿಂದ ಬಂದದ, 1961ರ ಕಾಯ್ದೆಯಾಗ 194ಆರ್ ಅಂತ. ಹಾನರೇರಿಯಂ ಪ್ರೊಫೆಷನಲ್ ಫೀಸ್, ಅದಕ್ಕ ಅದೇ ಕಾಯ್ದೆಯಾಗ 194ಜೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಲಾಗೂ, ಸೆಕ್ಷನ್ ನಂಬರ್ ಬೇರೆ ಆಗ್ತಾವ, ಸಿಎ ಹತ್ರ ಕೇಳ್ಕೊಳ್ರಿ. ಟಿಡಿಎಸ್ ಹಿಡಿದ ತಕ್ಷಣ ಗಿಫ್ಟ್ ಸಕ್ರಮ ಆಯ್ತು ಅಂತ ಮಾತ್ರ ತಿಳ್ಕೊಬ್ಯಾಡ್ರಿ.

ಪ್ರಶ್ನೆ: ಬಳ್ಳಾರಿಯಾಗ ಬಾಣಂತಿಯರು ತೀರಿಕೊಂಡ್ರಲ್ಲ, ಆ ಐವಿ ಫ್ಲೂಯಿಡ್ ವಿಷಯನೂ ಇದರಾಗ ಬರ್ತದಾ?

ಇಲ್ಲ, ಅದು ಬೇರೆ. 2024ರ ನವೆಂಬರ್‌ನಾಗ ಎದ್ದಿದ್ದು ಔಷಧದ ಗುಣಮಟ್ಟ ಮತ್ತ ಸರ್ಕಾರಿ ಸರಬರಾಜಿನ ಪ್ರಶ್ನೆ, ಅದು ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ, ಡ್ರಗ್ ಕಂಟ್ರೋಲ್ ಕಡೆಯಿಂದ ನೋಡಬೇಕಾದ್ದು. ಆದ್ರ ಆ ಮನೆಗಳ ಸಂಕಟ ನೋಡಿದ ಜಿಲ್ಲೆಯಾಗ ಔಷಧದ ಬಗ್ಗೆ ಜನ ಜಾಸ್ತಿ ಪ್ರಶ್ನೆ ಕೇಳ್ತಾರ ಅಂದ್ರ ಅದು ನ್ಯಾಯ, ಸಿಟ್ಟು ಮಾಡ್ಕೊಳ್ಳದೇ ಉತ್ತರ ಕೊಡ್ರಿ.

ಪ್ರಶ್ನೆ: ಇದೆಲ್ಲಾ ಗೊತ್ತದ, ಆದ್ರ ಮ್ಯಾನೇಜರೇ ಒತ್ತಡ ಹಾಕಿದ್ರ ನಾನು ಏನ್ ಮಾಡ್ಲಿ? ಕೆಲಸ ಹೋಗ್ತದ.

ಈ ಪ್ರಶ್ನೆ ಕೇಳೋ ಹುಡುಗರ ದನಿ ಕೇಳಿದ್ರ ನನಗ ಬ್ಯಾಸರ ಆಗ್ತದ, ಯಾಕಂದ್ರ ಟಾರ್ಗೆಟ್ ಕೊಡೋರು ಮ್ಯಾಲೆ ಇರ್ತಾರ, ಸೈನ್ ಇರೋದು ಕೆಳಗಿನವಂದು. ಮೊದಲನೇದು, ಬಾಯಿಮಾತಿನ ಆದೇಶವನ್ನ ಬರವಣಿಗೆಗೆ ತರ್ರಿ. ಸರ್, ನೀವು ಹೇಳಿದಂಗ ಈ ಮೂವರಿಗೆ ಕಾರ್ ಬುಕ್ ಮಾಡಬೇಕಾ, ಪಾಲಿಸಿಯಾಗ ಇಲ್ಲ ಅನಿಸ್ತದ, ಕನ್ಫರ್ಮ್ ಮಾಡ್ರಿ ಅಂತ ಮರ್ಯಾದಿಯಿಂದ ಒಂದು ಮೇಲ್ ಹಾಕ್ರಿ. ಅರ್ಧ ಕೆಲಸ ಅಲ್ಲೇ ನಿಲ್ತದ. ಎರಡನೇದು, ನಿಮ್ ಪರ್ಸನಲ್ ಅಕೌಂಟ್‌ನಿಂದ, ಕ್ರೆಡಿಟ್ ಕಾರ್ಡ್‌ನಿಂದ ಡಾಕ್ಟ್ರ ಖರ್ಚು ಮಾಡಿ ಆಮೇಲೆ ಎಕ್ಸ್‌ಪೆನ್ಸ್‌ನಾಗ ಬೇರೆ ಹೆಸರಿನಾಗ ಹಾಕಬ್ಯಾಡ್ರಿ, ನಾಳೆ ಸುಳ್ಳು ಬಿಲ್ ಹಾಕಿದವ ನೀವೇ ಅಂತ ಆಗ್ತದ. ಕಂಪನಿಯಾಗ ಹಾಟ್‌ಲೈನ್ ಇದ್ರ ಬಳಸ್ರಿ, ಯೂನಿಯನ್ ಮೆಂಬರ್ ಇದ್ರ ಅಲ್ಲಿನ ಹಿರಿಯರ ಜೊತಿಗೆ ಮಾತಾಡ್ರಿ, ಒಬ್ಬರೇ ಹೊತ್ಕೊಂಡು ಕೂಡಬ್ಯಾಡ್ರಿ.

ಹೊರಗ ಕಂಪ್ಲೇಂಟ್ ಕೊಡೋದಾದ್ರ ಆ ಕಂಪನಿ ಯಾವ ಇಂಡಸ್ಟ್ರಿ ಅಸೋಸಿಯೇಷನ್‌ಗೆ ಸೇರಿದ್ದೋ ಅಲ್ಲಿನ ಎಥಿಕ್ಸ್ ಕಮಿಟಿಗೆ, 1,000 ರೂಪಾಯಿ ಶುಲ್ಕ, ವಾಪಸ್ ಬರಲ್ಲ. ಘಟನೆ ಆಗಿ 6 ತಿಂಗಳೊಳಗ ಕೊಡ್ರಿ. ಬಿಲ್, ಫೋಟೋ, ಮೇಲ್ ಏನಿದ್ರೂ ಜೊತಿಗೆ ಹಚ್ಚಬೇಕು, ಬರೀ ಮಾತಿಗೆ ಬೆಲೆ ಇರಲ್ಲ. ಅಲ್ಲಿನ ತೀರ್ಪು ಸರಿ ಅನಿಸಲಿಲ್ಲ ಅಂದ್ರ ಔಷಧ ಇಲಾಖೆ ಸೆಕ್ರೆಟರಿ ಅಧ್ಯಕ್ಷತೆಯ ಅಪೆಕ್ಸ್ ಕಮಿಟಿಗೆ ಅಪೀಲು.

ಪ್ರಶ್ನೆ: ನಾನು ರೆಪ್ಪೂ ಅಲ್ಲ ಡಾಕ್ಟ್ರೂ ಅಲ್ಲ, ಪೇಷೆಂಟ್. ನಾನು ಏನ್ ಕೇಳಬಹುದು?

ಡಾಕ್ಟ್ರ ಮ್ಯಾಲೆ ಅನುಮಾನ ಇಟ್ಕೊಂಡು ಹೋಗ್ರಿ ಅಂತ ನಾನು ಯಾವತ್ತೂ ಹೇಳಲ್ಲ, ನಮ್ ಕಡೆ ರಾತ್ರಿ ಎರಡಕ್ಕ ಬಾಗಿಲು ಬಡಿದ್ರೂ ಎದ್ದು ಬರೋ ಡಾಕ್ಟ್ರು ಇದ್ದಾರ. ಆದ್ರ ಚೀಟಿ ತಗೊಂಡಾಗ, ಸರ್ ಇದೇ ಔಷಧ ಜನೌಷಧಿಯಾಗ ಸಿಗತದಾ, ಜೆನೆರಿಕ್ ಹೆಸರು ದೊಡ್ಡ ಅಕ್ಷರದಾಗ ಬರೆದು ಕೊಡ್ತೀರಾ ಅಂತ ಕೇಳೋದು ನಿಮ್ ಹಕ್ಕು. 2016ರ ತಿದ್ದುಪಡಿಯಾಗ ಜೆನೆರಿಕ್ ಹೆಸರನ್ನ ಓದಾಕ ಬರೋ ಹಂಗ ಬರೀಬೇಕು, ದೊಡ್ಡಕ್ಷರ ಆದ್ರ ಇನ್ನೂ ಒಳ್ಳೇದು ಅಂತ ಅದ. ಗಿಫ್ಟು, ಟೂರು ತಗೊಂಡಿದ್ದಕ್ಕ ಕೈಯಾಗ ಖಾತ್ರಿ ದಾಖಲೆ ಇದ್ರ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ಬರೆದು ದೂರು ಕೊಡಬಹುದು, ಅದಕ್ಕ ಡಾಕ್ಟ್ರ ಹೆಸರು, ತಾರೀಕು, ದಾಖಲೆಯ ಕಾಪಿ ಹಚ್ಚಿ ನಿಮ್ ಸೈನ್ ಹಾಕ್ರಿ.